ಅಪ್ಪ ಬರೆದಿಟ್ಟ ಕಾಗದ ಕೇಸ್ ಶೀಟ್‌ವರೆಗೆ ಬರಲಿಲ್ಲ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಏಳು ತಿಂಗಳಿಂದ ಸುಮ್ಮನಿದ್ದೆ. "ಬಿಡು, ಹೋದವರು ಹೋದರು" ಅಂತ ಅಮ್ಮ ಹೇಳಿದ್ದರು. ಮೊನ್ನೆ ಪಕ್ಕದ ಮನೆಯ ಮೇಷ್ಟ್ರು ಬಂದು, "ನಿಮ್ಮಪ್ಪ ಲಿವಿಂಗ್ ವಿಲ್ ಮಾಡಿಸಿದ್ರಲ್ಲ, ನಾನೂ ಮಾಡಿಸಬೇಕು, ಹೇಗೆ?" ಅಂತ ಕೇಳಿದರು. ಗುಣವಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡುವ ಕಾಗದ ಅದು. ಮಾಡಿಸಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಶ್ವಾಸಕೋಶದ ಕಾಯಿಲೆ. ಮೂರು ವರ್ಷ ಮನೆಯಲ್ಲೇ ಆಕ್ಸಿಜನ್. ಇದು ಗುಣವಾಗುವಂಥದ್ದಲ್ಲ ಅಂತ ಅವರನ್ನು ನೋಡುತ್ತಿದ್ದ ವೈದ್ಯರೇ ಬಿಡಿಸಿ ಹೇಳಿದ್ದರು. ಎರಡು ಸಲ ವೆಂಟಿಲೇಟರ್‌ನಿಂದ ಎದ್ದು ಬಂದವರು. ಎರಡನೇ ಸಲ ಮನೆಗೆ ಬಂದ ದಿನ, "ಇನ್ನೊಂದ್ಸಲ ಆ ಪೈಪು ಬೇಡ ಕಣಪ್ಪ" ಅಂದರು. 2025ರ ಜನವರಿಯಲ್ಲಿ ನಿಮ್ಮ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತಲ್ಲ, ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಎಲ್ಲವನ್ನೂ ಅದರ ಪ್ರಕಾರವೇ ಮಾಡಿಸಿದರು. ಇಬ್ಬರು ಸಾಕ್ಷಿಗಳು. ನೋಟರಿ ಸಹಿ. ತಮ್ಮ ಪರವಾಗಿ ಮಾತಾಡಲು ನಾನು ಮತ್ತು ತಂಗಿ. ಸ್ಥಳೀಯ ಸಂಸ್ಥೆಗೆ ಕೊಡಬೇಕಾದ ಪ್ರತಿಯನ್ನು ಹಿಡಿದು ಮೂರು ಸಲ ಓಡಾಡಿದೆ. ಅದನ್ನು ತೆಗೆದುಕೊಳ್ಳುವವರು ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಟಪಾಲಿಗೆ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ.

ಆ ದಿನ ರಾತ್ರಿ ಎರಡೂವರೆಗೆ ಅಪ್ಪನಿಗೆ ಉಸಿರು ಸಿಗದಾಯಿತು. ಒದ್ದಾಟ ನೋಡಲಾಗದೆ ಆಂಬುಲೆನ್ಸ್ ಕರೆಸಿದೆವು. ಸಂಕಟ ಕಡಿಮೆ ಮಾಡಲಿ ಅನ್ನೋದಷ್ಟೇ ನಮ್ಮ ಆಸೆ. ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ಎಮರ್ಜೆನ್ಸಿಗೆ ಓಡಿದೆ. ಡ್ಯೂಟಿ ಡಾಕ್ಟರ್ ತುಂಬಾ ಚಿಕ್ಕವರು. ಛಾಪಾ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸರ್, ಇದು ಕೋರ್ಟಿನ ಥರದ ಕಾಗದ. ನನಗೆ ಕೇಸ್ ಶೀಟ್‌ನಲ್ಲಿ ಆರ್ಡರ್ ಬೇಕು. ಇಲ್ಲದಿದ್ರೆ ನಾಳೆ ನನ್ನ ಮೇಲೇ ಕೇಸ್ ಆಗುತ್ತೆ" ಅಂದರು. ಪರದೆ ಎಳೆದರು.

ಬೆಳಗ್ಗೆ ಒಳಗೆ ಬಿಟ್ಟಾಗ ಅಪ್ಪನ ಬಾಯಲ್ಲಿ ಪೈಪು ಇತ್ತು. ಕಿತ್ತುಕೊಳ್ಳದಿರಲಿ ಅಂತ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಮಣಿಕಟ್ಟು ನೀಲಿಗಟ್ಟಿತ್ತು. ನನ್ನ ಅಂಗೈ ಮೇಲೆ ಬೆರಳಿನಿಂದ ಏನೋ ಬರೆದರು. ಗೊತ್ತಾಗಲಿಲ್ಲ. ಮತ್ತೆ ಬರೆದರು. ಮೂರನೇ ಸಲಕ್ಕೆ ಓದಿದೆ. 'ಕಾಗದ'.

ಕಾಗದ ಎಲ್ಲಿ ಅಂತ ಕೇಳುತ್ತಿದ್ದರು ಸ್ವಾಮಿ. ನಾನು ಏನು ಹೇಳಬೇಕಿತ್ತು?

ಆಮೇಲೆ ನಿದ್ದೆಯ ಔಷಧಿ ಜಾಸ್ತಿ ಮಾಡಿದರು. ಅಪ್ಪ ಮತ್ತೆ ಮಾತಿಗೆ ಸಿಗಲಿಲ್ಲ. ಚಿಕಿತ್ಸೆ ನಿಲ್ಲಿಸಬಹುದೇ ಅಂತ ನೋಡಬೇಕಾದ ಮೊದಲ ವೈದ್ಯಕೀಯ ಮಂಡಳಿ ಸೇರಿದ್ದು ಆರನೇ ದಿನ. ಅದರ ಮಾತನ್ನು ಖಚಿತಪಡಿಸಬೇಕಾದ ಎರಡನೇ ಮಂಡಳಿಗೆ ಯಾರನ್ನು ಕರೆಯಬೇಕು ಅಂತ ಆಸ್ಪತ್ರೆಗೇ ಗೊತ್ತಿರಲಿಲ್ಲ. ಮಂಡಳಿಗಳು ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು ಅನ್ನುವ ಮಾತು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹನ್ನೊಂದನೇ ದಿನ ಅಪ್ಪ ಹೋದರು. ಆಗಲೂ ಪೈಪು ಬಾಯಲ್ಲೇ ಇತ್ತು. ಕೈ ಕಟ್ಟೇ ಇತ್ತು.

ಆ ಹುಡುಗ ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ರೋಗಿಯ ಇಚ್ಛೆ ವೈದ್ಯರ ಆದೇಶವಾಗಿ ಕೇಸ್ ಶೀಟ್‌ನಲ್ಲಿ ಇರಬೇಕು. ನಾನು ಬೇಡುತ್ತಿರುವುದೂ ಅದನ್ನೇ. ಘನತೆಯಿಂದ ಸಾಯುವುದು ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಜನರಿಗೆ ಕಷ್ಟವಾಗುತ್ತದೆ ಅಂತ 2023ರಲ್ಲಿ ಅದೇ ಕೋರ್ಟ್ ನಿಯಮ ಸಡಿಲಿಸಿತು. ಈ ಕಾಗದವನ್ನು ಡಿಜಿಟಲ್ ಆರೋಗ್ಯ ದಾಖಲೆಗೆ ಸೇರಿಸಬಹುದು ಅಂತಲೂ ಹೇಳಿತು. ಎದೆ ಒತ್ತಿ ಜೀವ ಮರಳಿಸುವ ಯತ್ನ ಬೇಡ ಅನ್ನುವ ಆದೇಶದ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಇಷ್ಟೆಲ್ಲಾ ಇದ್ದೂ ರಾತ್ರಿ ಎರಡೂವರೆಗೆ ಒಬ್ಬ ಡಾಕ್ಟರ್ ಕೈಗೆ ಕೊಡಲು ನಮ್ಮ ಹತ್ತಿರ ಒಂದು ಹಾಳೆ ಇಲ್ಲ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1990ರ ದಶಕದಲ್ಲೇ ಇದಕ್ಕೊಂದು ದಾರಿ ಮಾಡಿಕೊಂಡರು. ಕಡು ಗುಲಾಬಿ ಬಣ್ಣದ ಹಾಳೆ. ರೋಗಿಗೆ ಪ್ರಜ್ಞೆ ಇರುವಾಗಲೇ ವೈದ್ಯರು ಜೊತೆಗೆ ಕೂತು ಮಾತಾಡುತ್ತಾರೆ. ಎದೆ ಒತ್ತಬೇಕಾ, ಪೈಪು ಹಾಕಬೇಕಾ, ಐಸಿಯು ಬೇಕಾ, ಎಲ್ಲ ಕೇಳಿ ಬರೆದು ಸಹಿ ಹಾಕುತ್ತಾರೆ. ಅದು ವೈದ್ಯರ ಆದೇಶ. ಆಂಬುಲೆನ್ಸ್‌ನವರಿಗೂ ಅದೇ ಆದೇಶ. ರೋಗಿ ಮನಸ್ಸು ಬದಲಿಸಿದರೆ ಹೊಸ ಹಾಳೆ. ಬಣ್ಣ ಯಾವುದಾದರೂ ಇರಲಿ, ನಮಗೂ ಅಂಥದ್ದೊಂದು ಹಾಳೆ ಕೊಡಿ. ನೋವಿಗೆ ಔಷಧಿ ಕೊಡುತ್ತಲೇ ಇರಬೇಕು ಅಂತ ಅದರ ಮೇಲೆಯೇ ಅಚ್ಚಾಗಿರಲಿ.

ಆಸ್ತಿಗಾಗಿ ಮಕ್ಕಳು ಇದನ್ನು ದುರುಪಯೋಗ ಮಾಡ್ತಾರೆ ಅನ್ನುವವರಿದ್ದಾರೆ. ಅದಕ್ಕೇ ಅಲ್ವಾ, ವೈದ್ಯರು ರೋಗಿಯನ್ನೇ ಕೇಳಿ ಬರೆಯಲಿ ಅನ್ನೋದು?

ಒಂದೇ ನಮೂನೆ. ಎಲ್ಲ ಆಸ್ಪತ್ರೆಗೂ, ಎಲ್ಲ ಆಂಬುಲೆನ್ಸ್‌ಗೂ. ಕೇಸ್ ಶೀಟ್‌ನ ಮೊದಲ ಪುಟದಲ್ಲಿ, ವೈದ್ಯರ ಸಹಿಯೊಂದಿಗೆ. ಅದನ್ನು ಪಾಲಿಸಿದ ಡ್ಯೂಟಿ ಡಾಕ್ಟರ್‌ಗೆ ತೊಂದರೆ ಆಗದು ಅಂತ ಲಿಖಿತ ಭರವಸೆ. ಯಾವಾಗ ಕೊಡುತ್ತೀರಿ? ಪರಿಶೀಲಿಸುತ್ತೇವೆ ಅನ್ನಬೇಡಿ, ತಾರೀಕು ಹೇಳಿ.

ಮೇಷ್ಟ್ರು ಭಾನುವಾರ ಮತ್ತೆ ಬರ್ತೀನಿ ಅಂದಿದ್ದಾರೆ.

ಇಂತಿ,
ಆ ಕಾಗದ ಹಿಡಿದು ನಿಂತಿದ್ದ ಮಗ