ಹಳೆಯ ರೀಲನ್ನು ಮೋಟಾರಿಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಚಿತ್ರದುರ್ಗದ ಒಂದು ಶಿಕ್ಷಣ ಸಂಸ್ಥೆಯವರು, ಉಗ್ರಾಣ ತೆರವು ಮಾಡುವಾಗ ಸಿಕ್ಕ 16 ಎಂ.ಎಂ. ಅಗಲದ ಹದಿನಾಲ್ಕು ಸಿನಿಮಾ ರೀಲುಗಳನ್ನು ನೋಡಲು ನನ್ನನ್ನು ಕರೆಸಿದ್ದರು. ದಾವಣಗೆರೆಯ ಚಿತ್ರಮಂದಿರದ ಕ್ಯಾಬಿನ್ನಿನಲ್ಲಿ ಬಹುಕಾಲ ಆಪರೇಟರ್ ಆಗಿದ್ದವನು ನಾನು. ನಾನು ತಲುಪುವಷ್ಟರಲ್ಲಿ ಅಲ್ಲಿನ ಸಿಬ್ಬಂದಿ ಎರಡು ರೀಲುಗಳನ್ನು ಪ್ರೊಜೆಕ್ಟರಿಗೆ ಏರಿಸಿ, ಮೋಟಾರಿನಿಂದಲೇ ಹಿಂದಕ್ಕೆ ಸುತ್ತಿ ಆಗಿತ್ತು. ಒಂದು ರೀಲು ಒಂಬತ್ತು ಕಡೆ ತುಂಡಾಗಿತ್ತು. ಅವರ ಆಸಕ್ತಿಯಲ್ಲಿ ಕೊರತೆಯಿರಲಿಲ್ಲ; ಡಿಜಿಟಲ್ ಪ್ರದರ್ಶನ ಬಂದ ಮೇಲೆ, ಫಿಲ್ಮನ್ನು ಕೈಯಿಂದ ತಿರುಗಿಸಿ ಸುತ್ತುವ ರಿವೈಂಡರುಗಳು ಗುಜರಿ ಸೇರಿ, ಈ ಕೆಲಸ ಹೇಳಿಕೊಡುವವರೇ ಇಲ್ಲವಾಗಿದ್ದಾರೆ. ಹಳೆಯ ಫಿಲ್ಮು ಪ್ರದರ್ಶನಕ್ಕಿಂತ ಹೆಚ್ಚಾಗಿ ಸುತ್ತುವಾಗ ಹಾಳಾಗುವುದನ್ನು ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಡಬ್ಬಿಯ ಮುಚ್ಚಳ ತೆರೆದೊಡನೆ ಮೂಗಿಗೆ ಹುಳಿ ವಾಸನೆ ಹೊಡೆದರೆ, ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಕೊಳೆಯಲು ತೊಡಗಿದೆ ಎಂದೇ ಅರ್ಥ. ಈ ರೋಗದ ಮೊದಲ ದೂರು ಕೊಡಕ್ ಕಂಪನಿಗೆ ಹೋದದ್ದು ನಮ್ಮ ಭಾರತ ಸರ್ಕಾರದಿಂದಲೇ. ಸೆಕೆ ಮತ್ತು ತೇವ ಎರಡೂ ಇದಕ್ಕೆ ಕಾರಣ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ವರ್ಷಗಟ್ಟಲೆ ಬಿದ್ದ ರೀಲಿನ ಪಾಡು ಹೇಳಬೇಕಾಗಿಲ್ಲ. ಹೀಗೆ ಕೆಟ್ಟ ಫಿಲ್ಮು ಕುಗ್ಗಿ ಪೆಡಸಾಗುತ್ತದೆ. 16 ಎಂ.ಎಂ. ಪ್ರದರ್ಶನ ಪ್ರತಿಯಲ್ಲಿ ಅಂಚಿನ ನೂರು ತೂತುಗಳ ಅಂತರ 762 ಮಿ.ಮೀ. ಇರಬೇಕು; ಅದು ಏಳೆಂಟು ಮಿ.ಮೀ. ಕಡಿಮೆಯಾಗಿದ್ದರೆ ಪ್ರೊಜೆಕ್ಟರಿನ ಹಲ್ಲುಗಳಿಗೆ ತೂತುಗಳು ಹೊಂದದೆ ಒಂದರ ಹಿಂದೊಂದು ಹರಿಯುತ್ತವೆ. ಹಲ್ಲೇ ಇಲ್ಲದ ಕೈ ರಿವೈಂಡರಿನಲ್ಲಾದರೆ ಅಂಥ ಫಿಲ್ಮನ್ನೂ ಬಹುಮಟ್ಟಿಗೆ ಸುತ್ತಬಹುದು.

ಸುತ್ತುವಾಗ ಬಿಗಿ ಒಂದೇ ಸಮನಾಗಿರಬೇಕು. ಫಿಲ್ಮು ಬಿಚ್ಚಿಕೊಳ್ಳುವ ಕಡೆಯ ಸ್ಪೂಲಿಗೆ, ಅಂದರೆ ಫಿಲ್ಮು ಸುತ್ತಿದ ಚಕ್ರಕ್ಕೆ, ಸಣ್ಣ ತಡೆಯಿರಲಿ. ಬಲಗೈ ಹಿಡಿಯನ್ನು ತಿರುಗಿಸುತ್ತಿರುವಾಗ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಹತ್ತಿಯ ಕೈಗವಸಿನೊಳಗಿಂದ ಫಿಲ್ಮಿನ ಎರಡು ಅಂಚುಗಳನ್ನಷ್ಟೇ ಹಗುರವಾಗಿ ಮುಟ್ಟಿರಲಿ. ಹರಿದ ತೂತು ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ, ಆಗ ಕೈ ನಿಲ್ಲಬೇಕು. ಸ್ಪೂಲಿನ ತಟ್ಟೆ ಸೊಟ್ಟಗಾಗಿದ್ದರೆ ಪ್ರತಿ ಸುತ್ತಿಗೂ ಅಂಚು ತಾಗಿ ಟಕ್ ಎನ್ನುತ್ತದೆ. ಆ ಸದ್ದು ಕೇಳಿಯೂ ಮುಂದುವರಿಸಿದರೆ ಇಡೀ ರೀಲಿನ ಅಂಚು ಕಚ್ಚುಕಚ್ಚಾಗುತ್ತದೆ. ಹನ್ನೊಂದು ನಿಮಿಷ ಓಡುವ 400 ಅಡಿಯ ರೀಲನ್ನು ಸುತ್ತಲು ಅರ್ಧ ಗಂಟೆಯೇ ಹಿಡಿಯಲಿ, ನಷ್ಟವೇನಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮಾತ್ರ ಒಂದು ಸಣ್ಣ ಅಭ್ಯಾಸ. ಸುತ್ತು ಸಡಿಲವಾಯಿತೆಂದು ಸ್ಪೂಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಫಿಲ್ಮಿನ ತುದಿಯನ್ನು ಇನ್ನೊಂದು ಕೈಯಿಂದ ಜಗ್ಗಿ ಬಿಗಿ ಮಾಡುವವರನ್ನು ಎಷ್ಟೋ ಕ್ಯಾಬಿನ್ನುಗಳಲ್ಲಿ ನೋಡಿದ್ದೇನೆ. ಹಾಗೆ ಜಗ್ಗಿದಾಗ ಒಳಗಿನ ಪದರಗಳು ಒಂದರ ಮೇಲೊಂದು ಜಾರಿ, ನಡುವೆ ಕೂತ ಧೂಳು ಉದ್ದಕ್ಕೂ ಗೀರು ಎಳೆಯುತ್ತದೆ. ಪರದೆಯ ಮೇಲೆ ಮಳೆ ಸುರಿದಂತೆ ಕಾಣುವ ಗೆರೆಗಳಲ್ಲಿ ಎಷ್ಟೋ ಹೀಗೆ ಬಂದವು. ಸಡಿಲವಾದ ರೀಲನ್ನು ಮೊದಲಿನಿಂದ ಮತ್ತೆ ಸುತ್ತುವುದೊಂದೇ ದಾರಿ.

ಫಿಲ್ಮಿನ ತುಂಡುಗಳನ್ನು ಸಿಮೆಂಟ್ ಎಂಬ ಅಂಟಿನಿಂದ ಕೂಡಿಸಿದ ಹಳೆಯ ಜಾಯಿಂಟುಗಳು ಒಣಗಿ ಬಿಟ್ಟುಕೊಳ್ಳುವುದು ಸಹಜ. ಅವಕ್ಕೆ ಅಂಗಡಿಯ ಸೆಲೋಟೇಪ್ ಹಚ್ಚಬಾರದು, ಅದರ ಅಂಟು ಸೋರಿ ಪಕ್ಕದ ಸುತ್ತಿಗೂ ಮೆತ್ತಿಕೊಳ್ಳುತ್ತದೆ. ಫಿಲ್ಮಿಗೆಂದೇ ಮಾಡಿದ ಟೇಪ್ ಬೇಕು. ಪದರಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಚಿತ್ರವೇ ಕಿತ್ತು ಬರುತ್ತದೆ. ಇನ್ನು 1950ರ ದಶಕಕ್ಕೂ ಹಿಂದಿನ 35 ಎಂ.ಎಂ. ರೀಲು ಸಿಕ್ಕರೆ ಅದು ಬೇಗ ಬೆಂಕಿ ಹೊತ್ತಿಕೊಳ್ಳುವ ನೈಟ್ರೇಟ್ ಆಗಿರಬಹುದು. ಅದನ್ನು ಸುತ್ತುವ ಗೋಜಿಗೇ ಹೋಗದೆ, 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಸಲಹೆ ಕೇಳುವುದು ಕ್ಷೇಮ.

ಆ ಸಂಸ್ಥೆಯ ಉಳಿದ ಹನ್ನೆರಡು ರೀಲುಗಳಲ್ಲಿ ಹತ್ತನ್ನು ಮೂರು ದಿನ ಕೂತು ಕೈಯಿಂದ ಸುತ್ತಿ, ತುಕ್ಕು ಹಿಡಿದ ಡಬ್ಬಿಗಳಿಂದ ಬಿಡಿಸಿ ತಂಪಾದ ಕೋಣೆಯಲ್ಲಿ ಇರಿಸಿದ್ದೇವೆ. ಹುಳಿ ವಾಸನೆಯ ಎರಡನ್ನು, ಅವುಗಳ ಆವಿ ಉಳಿದವಕ್ಕೆ ತಾಗದಂತೆ ಬೇರೆ ಕೋಣೆಗೆ ಸಾಗಿಸಿದೆವು. ನನ್ನ ಬಳಿ ಒಂದು ಜೊತೆ ರಿವೈಂಡರ್ ಈಗಲೂ ಕೆಲಸ ಮಾಡುವ ಸ್ಥಿತಿಯಲ್ಲಿದೆ. ಎರಡೂ ಜಿಲ್ಲೆಗಳ ಶಾಲೆ, ಕಾಲೇಜು, ಮಠ, ಮನೆಗಳಲ್ಲಿ ರೀಲುಗಳಿದ್ದರೆ ಮೋಟಾರಿಗೆ ಹಾಕುವ ಮೊದಲು ಪತ್ರಿಕೆಯ ಮೂಲಕ ತಿಳಿಸಲಿ. ರಿವೈಂಡರ್ ಹೊತ್ತುಕೊಂಡು ನಾನೇ ಬರುತ್ತೇನೆ.

– ಒಬ್ಬ ನಿವೃತ್ತ ಆಪರೇಟರ್, ದಾವಣಗೆರೆ