ಕೊನೆಗೂ ತೇಲಿತು, ಎಲ್ಲರಿಗೂ ಥ್ಯಾಂಕ್ಸ್

ನಿನ್ನೆ ಎಂ.ಫಾರ್ಮ್ ವೈವಾ ಮುಗಿಯಿತು. ಥೀಸಿಸ್‌ನ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿದ್ದೇನೆ. ಆದರೆ ಅದನ್ನು ಓದದವರ ಋಣವೇ ಜಾಸ್ತಿ. ಅವರಿಗೆ ಇದು.

ನನ್ನ ಕೆಲಸ ಫ್ಯಾಮೋಟಿಡಿನ್ ಮೇಲೆ. ಹೊಟ್ಟೆಯ ಆಸಿಡ್ ತಗ್ಗಿಸುವ ಔಷಧಿ. ರಕ್ತ ಸೇರಿದ ಮೇಲೆ ಸುಮಾರು 3 ಗಂಟೆಗೆ ಅರ್ಧ ಖಾಲಿ. ಅದಕ್ಕೇ ರವೆಯಷ್ಟು ಸಣ್ಣ ಟೊಳ್ಳು ಗುಂಡುಗಳಲ್ಲಿ ತುಂಬಿ, ಹೊಟ್ಟೆಯಲ್ಲೇ ತೇಲಿಸಿ, ನಿಧಾನಕ್ಕೆ ಬಿಡಿಸುವ ಆಸೆ. ಮೈಕ್ರೋಸ್ಫಿಯರ್ ಅಂತಾರೆ.

ಔಷಧಿ, ಈಥೈಲ್ ಸೆಲ್ಯುಲೋಸ್ (ನೀರಲ್ಲಿ ಕರಗದ ಪಾಲಿಮರ್, ಗುಂಡಿನ ಸಿಪ್ಪೆ ಇದರದ್ದೇ) ಎರಡನ್ನೂ ಎಥನಾಲ್ ಮತ್ತು ಡೈಕ್ಲೋರೋಮೀಥೇನ್ ಎಂಬ ಎರಡು ದ್ರಾವಕಗಳಲ್ಲಿ ಕರಗಿಸಿ, ಪಿವಿಎ (ಹನಿಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿಮರ್) ಕರಗಿಸಿದ ನೀರಿಗೆ ಬಿಡುತ್ತಾ ಸ್ಟಿರರ್ ತಿರುಗಿಸಬೇಕು. ಎಥನಾಲ್ ತಟ್ಟನೆ ನೀರಿಗೆ ಓಡುತ್ತದೆ, ಹನಿಯ ಮೇಲೆ ಸಿಪ್ಪೆ ಕಟ್ಟುತ್ತದೆ. ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಆವಿಯಾಗಿ ಹೋಗಿ ಒಳಗೆ ಟೊಳ್ಳು. ಫೋನಲ್ಲಿ ಇದನ್ನು ಕೇಳಿದ ಅಮ್ಮ, "ಪೂರಿ ಉಬ್ಬೋ ಹಾಗೆ ಅಲ್ವೇನೋ?" ಅಂದರು. ವೈವಾದಲ್ಲೂ ಅದನ್ನೇ ಹೇಳಿದೆ. ಹೊರಗಿನಿಂದ ಬಂದ ಪರೀಕ್ಷಕರು ನಕ್ಕು ಮುಂದಿನ ಪ್ರಶ್ನೆಗೆ ಹೋದರು!

ಮೊದಲ ಏಳು ಬ್ಯಾಚ್ ಹಾಳು. ಬೀಕರಿನ ತಳದಲ್ಲಿ ಬರೀ ಅಂಟು ಮುದ್ದೆ. ಗೈಡ್ ಮೇಡಂ ಬೈಯಲಿಲ್ಲ. ಮುದ್ದೆಯನ್ನು ಸ್ಪ್ಯಾಚುಲಾದಲ್ಲಿ ಎತ್ತಿ ನೋಡಿ, "ಸುರಿಯೋ ಅವಸರ ಜಾಸ್ತಿ ಆಯ್ತು. ಸಿರಿಂಜಲ್ಲಿ ಸಣ್ಣಗೆ ಬಿಡು" ಅಂದರು. ಎಂಟನೆಯದು ತೇಲಿತು. ಮೇಡಂ, ಆವತ್ತು ನಾನು ಸುಮ್ನೆ ಬೀಕರ್ ನೋಡುತ್ತಾ ನಿಂತೆ, ಥ್ಯಾಂಕ್ಸ್ ಹೇಳೋದೇ ಮರೆತೆ.

ಗುಂಡುಗಳಿಂದ ಔಷಧಿ ಎಷ್ಟು ಹೊತ್ತಿಗೆ ಎಷ್ಟು ಹೊರಬರುತ್ತದೆ ಅಂತ ಅಳೆಯುವ ರಿಲೀಸ್ ಸ್ಟಡಿ ಅಂದರೆ ದಿನವಿಡೀ ಜಾಗರಣೆ. 900 ಎಂ.ಎಲ್. ಆಸಿಡ್, 37 ಡಿಗ್ರಿ, 12 ಗಂಟೆ. ಗಂಟೆಗೊಮ್ಮೆ 5 ಎಂ.ಎಲ್. ತೆಗೆದು ಅಷ್ಟೇ ಹೊಸದು ಹಾಕಬೇಕು. ತೇಲುವ ಗುಂಡುಗಳು ಪಿಪೆಟ್ಟಿಗೇ ನುಗ್ಗುತ್ತಿದ್ದವು. ತುದಿಗೆ ಮಸ್ಲಿನ್ ಬಟ್ಟೆ ಕಟ್ಟುವುದನ್ನು ಕಲಿಸಿದ ಸೀನಿಯರ್ ಅಕ್ಕ, ನೀವಿಲ್ಲದಿದ್ದರೆ ನನ್ನ ಗ್ರಾಫ್ ಇರುತ್ತಲೇ ಇರಲಿಲ್ಲ.

ಇನ್ನು ನಮ್ಮ ಲ್ಯಾಬ್ ಅಟೆಂಡರ್ ಅಣ್ಣ. ಡ್ಯೂಟಿ ಮುಗಿಯುವುದು ಸಂಜೆ 5ಕ್ಕೆ. ನನಗಾಗಿ ಬೆಳಿಗ್ಗೆ 7ಕ್ಕೆ ಬೀಗ ತೆಗೆದು ರಾತ್ರಿ 8ರ ತನಕ ಕೂತರು, ಅದೂ ಮೂರು ದಿನ. ಒಂಬತ್ತನೇ ಸ್ಯಾಂಪಲ್ ಹೊತ್ತಿಗೆ ಕರೆಂಟ್ ಹೋದಾಗ ನನಗಿಂತ ಜಾಸ್ತಿ ಶಾಪ ಹಾಕಿದ್ದೂ ಅವರೇ.

ಇದು ಬೀಕರಿನ ಮಾತು ಅಷ್ಟೇ. ಮನುಷ್ಯನ ಹೊಟ್ಟೆಯಲ್ಲಿ ಊಟ, ನಿದ್ದೆ, ಮಗ್ಗುಲು ಎಲ್ಲಾ ಇರುತ್ತೆ. ಅದು ಬೇರೆಯವರ ಥೀಸಿಸ್. ಪುಟ್ಟ ಗಾಜಿನ ಸೀಸೆಯಲ್ಲಿ ನೀರು ತುಂಬಿ, ಎಂಟನೇ ಬ್ಯಾಚಿನ ಒಂದು ಚಿಟಿಕೆ ಗುಂಡು ಹಾಕಿ ಅಟೆಂಡರ್ ಅಣ್ಣನ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಬೆಳಿಗ್ಗೆ ಮೆಸೇಜ್ ಮಾಡಿದ್ದರು: "ಇನ್ನೂ ಮೇಲೇ ಇದೆ ಸರ್."