ಪುಸ್ತಕ ಓದದೆ ಸಿನಿಮಾ ಬೈಯಬಹುದಾ? ಗೆಳೆಯನಿಗೊಂದು ಪತ್ರ

ಗೆಳೆಯಾ,

'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದ ಮೂರು ಭಾಗಗಳಲ್ಲಿ ಎರಡು ನೋಡಿದ್ದೀಯ, ಪುಸ್ತಕ ಮುಟ್ಟಿಲ್ಲ. ಬಾಯಿ ಬಿಟ್ಟರೆ ಓದಿದವರು ಮೇಲೆ ಬೀಳುತ್ತಾರೆ ಅನ್ನೋ ಅಳುಕು ನಿನಗೆ. ಅಳುಕಬೇಡ. ಸಿನಿಮಾದಲ್ಲಿ ತೂತು ಎಲ್ಲಿದೆ ಅನ್ನುವುದಕ್ಕೆ ಓದದವನೇ ಒಳ್ಳೆಯ ಸಾಕ್ಷಿ. ಓದಿದವನ ತಲೆ ಆ ತೂತನ್ನು ತಾನಾಗಿಯೇ ಮುಚ್ಚಿಬಿಡುತ್ತದೆ, ಅವನಿಗೆ ಅದು ಕಾಣುವುದೇ ಇಲ್ಲ.

2004ರಲ್ಲಿ ಬಂದ ಹ್ಯಾರಿ ಪಾಟರ್ ಮೂರನೆಯ ಸಿನಿಮಾ ನೋಡು. ಹ್ಯಾರಿಯ ಕೈಗೆ ಒಂದು ಮಾಯಾ ನಕ್ಷೆ ಬರುತ್ತದೆ. ಅದರ ಮೇಲೆ ಮೂನಿ, ವರ್ಮ್‌ಟೇಲ್, ಪ್ಯಾಡ್‌ಫುಟ್, ಪ್ರಾಂಗ್ಸ್ ಅಂತ ನಾಲ್ಕು ಹೆಸರು. ಬೇರೆಯವರಿಗೆ ಖಾಲಿ ಕಾಗದದಂತೆ ಕಾಣುವ ಅದು ನಕ್ಷೆ ಅನ್ನುವುದು ಲೂಪಿನ್ ಮೇಷ್ಟ್ರಿಗೆ ಮೊದಲೇ ಗೊತ್ತು. ಹೇಗೆ ಗೊತ್ತು? ಸಿನಿಮಾ ಹೇಳುವುದಿಲ್ಲ. ಪುಸ್ತಕ ಹೇಳುತ್ತದೆ: ನಕ್ಷೆ ಮಾಡಿದ ನಾಲ್ವರಲ್ಲಿ ಅವರೂ ಒಬ್ಬರು. ಪ್ರಾಂಗ್ಸ್ ಅಂದರೆ ಹ್ಯಾರಿಯ ಅಪ್ಪ, ಅವನು ಗಂಡು ಜಿಂಕೆಯ ರೂಪ ತಾಳಬಲ್ಲವನಾಗಿದ್ದ. ಕೊನೆಯಲ್ಲಿ ಹ್ಯಾರಿಯ ಮಂತ್ರದಿಂದ ಅದೇ ಜಿಂಕೆ ಹೊಮ್ಮಿದಾಗ ಓದಿದವನ ಕಣ್ಣು ತೇವವಾಗುತ್ತದೆ, ಓದದವನಿಗೆ ಅದು ಚೆಂದದ ಬೆಳಕು ಅಷ್ಟೇ. ಇಂಥ ಕಡೆ 'ನನಗೆ ಅರ್ಥವಾಗಲಿಲ್ಲ' ಅಂತ ತಲೆ ತಗ್ಗಿಸಬೇಡ. 'ಸಿನಿಮಾ ಹೇಳಲಿಲ್ಲ' ಅನ್ನು.

ಆದರೆ ಹಾಗನ್ನುವ ಮೊದಲು ಸ್ವಲ್ಪ ಕೆಲಸವಿದೆ. ಸಿನಿಮಾ ಮುಗಿದ ದಿನವೇ, ಯಾರ ಹತ್ತಿರವೂ ಮಾತಾಡುವ ಮುಂಚೆ, ಕಥೆಯನ್ನು ಹತ್ತು ಸಾಲಿನಲ್ಲಿ ಬರೆದಿಡು. ಬರೆಯುತ್ತಾ 'ಯಾಕೋ ಏನೋ' ಅಂತ ಪೆನ್ನು ನಿಂತ ಕಡೆ ಗುರುತು ಹಾಕು. ಆ ದೃಶ್ಯಗಳನ್ನಷ್ಟೇ ಸಬ್‌ಟೈಟಲ್ ಹಾಕಿಕೊಂಡು ಇನ್ನೊಮ್ಮೆ ನೋಡು. ಇಂಥ ಕಥೆಗಳಲ್ಲಿ ಹೆಸರೆಲ್ಲ ಹೊಸದು, ಕಿವಿ ಮೋಸ ಹೋಗುತ್ತದೆ. ಸೌರಾನ್ ಬೇರೆ, ಸಾರುಮಾನ್ ಬೇರೆ. ಇಬ್ಬರೂ ಕೇಡಿಗರು, ಇಬ್ಬರಿಗೂ ಒಂದೊಂದು ಗೋಪುರ. ಈ ಇಬ್ಬರನ್ನು ಒಬ್ಬನೇ ಅಂದುಕೊಂಡು 'ಕಥೆ ಗೋಜಲು' ಎಂದರೆ ಅದು ನಿರ್ದೇಶಕ ಪೀಟರ್ ಜಾಕ್ಸನ್ ತಪ್ಪಲ್ಲ (ಹೆಸರಿಟ್ಟವರನ್ನು ಬೇಕಾದರೆ ಬೈಯಬಹುದು). ಎರಡನೆಯ ಸಲವೂ ಉಳಿದ ಗುರುತುಗಳೇ ನಿಜವಾದ ತೂತು. ಓದಿದವರನ್ನು 'ಪುಸ್ತಕ ಹೇಗಿದೆ' ಅಂತ ಕೇಳಬೇಡ, ರಾತ್ರಿಯಿಡೀ ಕೂರಿಸುತ್ತಾರೆ. 'ಇಂಥದ್ದಕ್ಕೆ ಪುಸ್ತಕದಲ್ಲಿ ಕಾರಣ ಇದೆಯಾ' ಅಂತ ಕೇಳು. ಇಲ್ಲ ಅಂದರೆ ದೂರು ಸಿನಿಮಾದ ಮೇಲೆ ಮಾತ್ರ ಹೊರಿಸುವಂತಿಲ್ಲ. ನಾಶ ಮಾಡಲೇಬೇಕಾದ ಆ ಕೇಡಿನ ಉಂಗುರವನ್ನು ಹೊತ್ತು ಅಷ್ಟು ದೂರ ನಡೆಯುವ ಬದಲು ಹದ್ದುಗಳ ಬೆನ್ನೇರಿ ಹೋಗಿ ಬೆಂಕಿಗೆ ಹಾಕಬಹುದಿತ್ತಲ್ಲ ಅನ್ನುವ ಪ್ರಶ್ನೆ ಪುಸ್ತಕ ಓದಿದವರದ್ದೂ ಹೌದು.

ಇನ್ನು ನೀನು ಎಡವಬಹುದಾದ ಜಾಗ. 'ರಿಂಗ್ಸ್' ಬರೆದವರದ್ದೇ ಆದ 'ಹಾಬಿಟ್' 1937ರ ಒಂದೇ ಒಂದು ಮಕ್ಕಳ ಪುಸ್ತಕ, ಅದರಿಂದ ಮೂರು ಸಿನಿಮಾ ಆಯಿತು: 169, 161, 144 ನಿಮಿಷ, ಒಟ್ಟು ಹೆಚ್ಚುಕಡಿಮೆ ಎಂಟು ಗಂಟೆ. ಹಿಗ್ಗಿಸಿದ್ದಾರೆ ಅನ್ನುವುದು ಓದದವನಿಗೂ ತಿಳಿಯುತ್ತದೆ. ಟಾರಿಯಲ್ ಎಂಬ ಎಲ್ಫ್ ಹುಡುಗಿಯನ್ನು, ಅವಳ ಪ್ರೇಮವನ್ನು ತೆಗೆದುಹಾಕಿದರೂ ಡ್ರ್ಯಾಗನ್ ಕಥೆ ನಿಲ್ಲುವುದಿಲ್ಲ. ಅವಳು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಹಾಗಂತ 'ಬೇಡದ್ದೆಲ್ಲ ಸಿನಿಮಾದವರು ಸೇರಿಸಿದ್ದು' ಎಂದು ತೀರ್ಮಾನಿಸಿದರೆ ಕೆಟ್ಟೆ. ರಿಂಗ್ಸ್ ಪುಸ್ತಕದಲ್ಲಿ ಟಾಮ್ ಬಾಂಬಡಿಲ್ ಅಂತ ಒಬ್ಬನಿದ್ದಾನೆ, ಹಾಡಿಕೊಂಡು ಕುಣಿಯುವ ವಿಚಿತ್ರ ಆಸಾಮಿ. ಕಥೆಯ ಓಟಕ್ಕೆ ಅವನ ಅಗತ್ಯವೇ ಇಲ್ಲ ಅಂತ ಜಾಕ್ಸನ್ ಕೈಬಿಟ್ಟರು, ಓದುಗರಲ್ಲಿ ಅನೇಕರಿಗೆ ಅದು ಇವತ್ತಿಗೂ ನೋವು. ದೃಶ್ಯ ಜೋತುಬಿದ್ದಿದೆ ಅಂತ ನೀನು ಹೇಳಬಹುದು, ಯಾರು ಜೋತುಹಾಕಿದ್ದು ಅಂತ ಹೇಳಲಾರೆ.

ರಿಂಗ್ಸ್ ಎರಡನೆಯ ಭಾಗದಲ್ಲಿ ಬರುವ ಸೇನಾನಿ ಫರಾಮಿರ್ ಬಗ್ಗೆ ನಿನಗೆ ಕಿರಿಕಿರಿ ಆಗಿರಬೇಕು. ಉಂಗುರದ ಆಸೆಗೆ, ಅದನ್ನು ಹೊತ್ತ ಫ್ರೋಡೋನನ್ನು ಆಸ್ಗಿಲಿಯಾತ್ ಎಂಬ ಪಾಳು ನಗರದ ತನಕ ಎಳೆದೊಯ್ಯುತ್ತಾನೆ, ಅಲ್ಲಿ ಫ್ರೋಡೋನ ಜೊತೆಗಾರ ಸ್ಯಾಮ್ ಮಾತು ಕೇಳಿ ಬಿಟ್ಟುಕಳಿಸುತ್ತಾನೆ. ಪುಸ್ತಕದಲ್ಲಿ ಅವನು ಆಸೆಗೆ ಬೀಳುವುದೇ ಇಲ್ಲ. ಹಾಗೇ ತೋರಿಸಿದ್ದರೆ ಮೂರು ಗಂಟೆ ಕಟ್ಟಿದ ಉಂಗುರದ ಭಯ ಒಂದೇ ದೃಶ್ಯದಲ್ಲಿ ಟುಸ್ಸೆನ್ನುತ್ತಿತ್ತು. ಮೇಲಾಗಿ ಪುಸ್ತಕದ ಎರಡನೆಯ ಸಂಪುಟದ ಕೊನೆಗೆ ಬರುವ ದೈತ್ಯ ಜೇಡದ ಪ್ರಸಂಗವನ್ನು ಸಿನಿಮಾದಲ್ಲಿ ಮೂರನೆಯ ಭಾಗಕ್ಕೆ ತಳ್ಳಿದ್ದರಿಂದ, ಎರಡನೆಯದರಲ್ಲಿ ಫ್ರೋಡೋನ ಕಡೆಗೊಂದು ಬಿಕ್ಕಟ್ಟು ಬೇಕಿತ್ತು. ಓದಿದವರು 'ಫರಾಮಿರ್‌ನನ್ನು ಕೆಡಿಸಿದರು' ಅನ್ನುತ್ತಾರೆ. ನೀನು ಕೇಳಬೇಕಾದ್ದು ಬೇರೆ: ಅವನ ಮನಸ್ಸು ಬದಲಾದದ್ದು ನಂಬುವಂತಿತ್ತಾ? ಕಾರಣ ಸರಿಯಾದದ್ದೇ, ಆದರೆ ಬದಲಾವಣೆ ಅವಸರದ್ದು ಅಂತ ನನ್ನ ಲೆಕ್ಕ.

'ಪುಸ್ತಕಕ್ಕೆ ನಿಷ್ಠವಾಗಿದೆ', 'ಮೂಲಕ್ಕೆ ಅನ್ಯಾಯ ಮಾಡಿದ್ದಾರೆ', ಈ ಎರಡು ಮಾತು ಮಾತ್ರ ನಿನ್ನ ಬಾಯಲ್ಲಿ ಬರಬಾರದು. ಹೊಗಳಿದರೂ ತೆಗಳಿದರೂ ಅದು ಸುಳ್ಳು ಸಾಕ್ಷಿ.

ಮೂರನೆಯ ಭಾಗ ಹಾಕುವ ಮೊದಲು ಯಾವ ಪ್ರತಿ ಅಂತ ನೋಡಿಕೋ. ಥಿಯೇಟರಿಗೆ ಬಂದದ್ದು 201 ನಿಮಿಷ, ಅದರಲ್ಲಿ ಸಾರುಮಾನ್ ಮುಖವೇ ತೋರಿಸುವುದಿಲ್ಲ. ಅವನು ಏನಾದ ಅಂತ ನೀನು ದೂರುವುದು ನ್ಯಾಯವೇ. ಉದ್ದನೆಯ ಪ್ರತಿ 251 ನಿಮಿಷ, ಅದರಲ್ಲಿ ಅವನ ಸಾವು ಇದೆ. ಉದ್ದನೆಯದೇ ಸಿಕ್ಕರೆ ರಾತ್ರಿ ಊಟದ ಮೇಲೆ ಶುರುಮಾಡಬೇಡ, ಮಧ್ಯಾಹ್ನವೇ ಕೂತುಬಿಡು.

ನಿನ್ನವ